ಬೀಗ ಕಂಡು ಬರೆದದ್ದು

ಸರೋಜಮ್ಮ ಮನೆಗೆ ಬೀಗ ಹಾಕಿದ ಮೇಲೆ ಅದನ್ನು ಮೂರು ಸಲ ಜಗ್ಗಿ ನೋಡುತ್ತಾರೆ. ಶಂಕರಪುರಂನ ಒಂದು ವಠಾರದಲ್ಲಿ ಒಬ್ಬರೇ ಇರುವ ಅವರು ಮದುವೆ ಛತ್ರಗಳಲ್ಲಿ ಅಡುಗೆ ಮಾಡುತ್ತಾರೆ. ಲಗ್ನದ ದಿನಗಳಲ್ಲಿ ವಾರಗಟ್ಟಲೆ ಮನೆಗೆ ಬರುವುದಿಲ್ಲ.

ಇದೆಲ್ಲ ಆಗ ನನಗೆ ಗೊತ್ತಿರಲಿಲ್ಲ. ಎಲ್ಲರೂ ವೋಟು ಹಾಕಲಿ ಎಂದು ಓಡಾಡುವ, ಯಾವ ಪಕ್ಷಕ್ಕೂ ಸೇರದ ನಮ್ಮ ಗುಂಪಿನಿಂದ ಮತದಾರರ ಪಟ್ಟಿ ಹಿಡಿದು ಆ ವಠಾರಕ್ಕೆ ಹೋಗಿದ್ದೆ. ಎರಡು ಸಲ ಹೋದಾಗಲೂ ಅವರ ಮನೆಗೆ ಬೀಗ. ಪಕ್ಕದ ಮನೆಯವರನ್ನು ಮಾತಾಡಿಸಲು ಸಂಕೋಚವಾಗಿ, ‘ಮನೆ ಖಾಲಿ ಮಾಡಿದ್ದಾರೆ’ ಎಂದು ಬರೆದುಬಿಟ್ಟೆ. ಪಟ್ಟಿ ಚುನಾವಣಾ ಕಚೇರಿಗೆ ಹೋಯಿತು.

ಮತದಾನದ ದಿನ ಶಾಲೆಯ ಗೇಟಿನ ಹೊರಗೆ ಕೂತು ಬಂದವರ ಹೆಸರು ಹುಡುಕಿಕೊಡುತ್ತಿದ್ದೆ. ಸರೋಜಮ್ಮ ಬಂದರು. ಅವರ ಹೆಸರಿರಲಿಲ್ಲ.

“ಇನ್ನೊಂದ್ಸಲ ನೋಡಮ್ಮ. ಮದುವೆಯಾಗಿ ಬಂದಾಗಿಂದ ಇಲ್ಲೇ ಹಾಕ್ತಿದೀನಿ.”

“ಮನೆ ಖಾಲಿ ಮಾಡಿದೀರ ಅಂತ ತೆಗೆದಿದಾರೆ ಆಂಟಿ,” ಅಂದೆ. ‘ತೆಗೆದಿದಾರೆ’ ಅನ್ನುವಾಗ ನನ್ನ ನಾಲಿಗೆ ತಡವರಿಸಲಿಲ್ಲ.

“ಖಾಲಿ ಮಾಡಿ ಎಲ್ಲಿಗೆ ಹೋದ್ನಂತೆ? ಅದನ್ನೂ ಬರ್ದಿದಾರಾ?”

ಹಿಂದೆ ನಿಂತಿದ್ದವರು ನಕ್ಕರು. ಸರೋಜಮ್ಮ ನಗಲಿಲ್ಲ. ನನ್ನ ಪಕ್ಕದ ಕುರ್ಚಿ ಎಳೆದುಕೊಂಡು ಕೂತರು.

“ನೀನು ಇಂಗ್ಲಿಷ್ ಓದಿದೋಳು. ಹಂಗೆ ಬರೆದೋರು ಯಾರು ಅಂತ ಕೇಳಿ ಒಂದು ಅರ್ಜಿ ಬರ್ಕೊಡಮ್ಮ.”