ಬಾಲ್ಕನಿಗೆ ತುಂಬಿದ ಗೋಡೆ

2022ರಲ್ಲಿ ನಾನು ಕಲ್ಯಾಣದ ಒಂದು ಸಣ್ಣ ಸಂಸ್ಥೆಯಲ್ಲಿ ಸ್ಟ್ರಕ್ಚರಲ್ ಇಂಜಿನಿಯರ್ ಆಗಿದ್ದೆ. ಹಳೆಯ ಕಟ್ಟಡಗಳ ಗಟ್ಟಿತನ ಪರೀಕ್ಷಿಸಿ ವಸತಿ ಸೊಸೈಟಿಗಳಿಗೆ ವರದಿ ಕೊಡುವುದು ನನ್ನ ಕೆಲಸ. ದೀಪಾವಳಿ ಕಳೆದ ಮೇಲೆ ಪಕ್ಕದ ಡೊಂಬಿವಲಿ ಪೂರ್ವದ ಒಂದು ಕಟ್ಟಡಕ್ಕೆ ಹೋದೆ.

ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದ ಕಲಬುರಗಿಯ ಶಾಂತಮ್ಮ, ಸರಿಸುವ ಗಾಜಿನ ಕಿಟಕಿ ಹಾಕಿಸಿದ ಬಾಲ್ಕನಿಯಲ್ಲಿ ಕುಳಿತು ಜೋಳದ ರೊಟ್ಟಿ ಬಡಿದು ಮಾರುತ್ತಿದ್ದರು.

"ಈ ಕಿಟಕಿ ಸರಿಯಂಗಿಲ್ರೀ ಸಾಹೇಬ್ರ. ದೀಪಾವಳಿತನಾ ಛಲೋ ಇತ್ತು. ಮ್ಯಾಲಿನ ರಾಯರಿಗಿ ಹೇಳಿದ್ರ, ಎಣ್ಣಿ ಬಿಡು ಅಂತಾರ."

ಕಿಟಕಿಯ ಅಲ್ಯೂಮಿನಿಯಂ ಚೌಕಟ್ಟು ಮೇಲ್ಗಡೆ ನಡುವೆ ಬಾಗಿತ್ತು. ನಾನು ಮೆಟ್ಟಿಲು ಹತ್ತಿದೆ.

ಮೇಲಿನ ಮನೆಯ ಸುಧಾಕರ ರಾಯರು ಉಡುಪಿಯವರು, ಠಾಣೆ ನಗರದಲ್ಲಿ ಹೋಟೆಲಿದೆ. ಹೊಸ ನಡುಮನೆಯನ್ನು ಖುಷಿಯಿಂದ ತೋರಿಸಿದರು. ಬಾಲ್ಕನಿಯನ್ನು ನಡುಮನೆಗೆ ಸೇರಿಸಿಕೊಳ್ಳುವುದು ಇಲ್ಲಿ ಎಲ್ಲರೂ ಮಾಡುವ ಕೆಲಸ. ಬಾಲ್ಕನಿಯ ನೆಲ ತಗ್ಗಿರುವುದರಿಂದ ತುಂಬಿಸಿ ಎತ್ತರಿಸುತ್ತಾರೆ. ರಾಯರು ದೀಪಾವಳಿಯ ಹೊತ್ತಿಗೆ ನಡುವಿನ ಗೋಡೆ ಒಡೆಸಿ, ಆ ಇಟ್ಟಿಗೆ ಚೂರನ್ನೇ ಅಲ್ಲಿಗೆ ತುಂಬಿಸಿ, ಮೇಲೆ ಟೈಲ್ಸ್ ಹಾಕಿಸಿದ್ದರು.

"ಒಡೆದ ಚೂರಿನ ಡೆಬ್ರಿಸ್ ಹೊರಗೆ ಹಾಕ್ಲಿಕ್ಕೂ ದುಡ್ಡು, ಒಳಗೆ ತುಂಬ್ಲಿಕ್ಕೂ ದುಡ್ಡು. ನನಗೆ ಎರಡೂ ಉಳೀತು ಮಾರಾಯ್ರೆ."

ಬಾಲ್ಕನಿ ಎಂದರೆ ಕ್ಯಾಂಟಿಲಿವರ್. ಗೋಡೆಯ ಕಡೆ ಮಾತ್ರ ಹಿಡಿತ, ಹೊರಗಿನ ಅಂಚಿಗೆ ಕಂಬವಿಲ್ಲ. ಭಾರ ಮೀರಿದರೆ ಬಿರುಕು ಮೇಲ್ಮೈಯಲ್ಲಿ, ಗೋಡೆಯ ಬುಡದಲ್ಲಿ ಬರುತ್ತದೆ. ಟೈಲ್ಸ್ ಅದನ್ನು ಮುಚ್ಚಿಬಿಡುತ್ತದೆ. ಶಾಂತಮ್ಮನ ಕಿಟಕಿ ಕೆಟ್ಟಿರಲಿಲ್ಲ. ಮೇಲಿನ ಬಾಲ್ಕನಿಯ ಬಾಗುತ್ತಿದ್ದ ಸ್ಲ್ಯಾಬನ್ನು ಹೊತ್ತು ನಿಂತಿತ್ತು.

ಇವತ್ತೇ ಟೈಲ್ಸ್ ಒಡೆದು ಭಾರ ಇಳಿಸಬೇಕು ಎಂದೆ. ಭಾನುವಾರ ಸತ್ಯನಾರಾಯಣ ಪೂಜೆಯಿದೆ, ಆಮೇಲೆ ನೋಡೋಣ ಎಂದರು.

"ಅವರ ಕಿಟಕಿ ನಾನೇ ಬಿಚ್ಚಿಸಿ ರಿಪೇರಿ ಮಾಡಿಸ್ತೇನೆ, ಆಯ್ತಲ್ಲ? ಈಗಷ್ಟೇ ಜನ ಕಳಿಸಿದೆ."

ನಾನು ಕೆಳಗೆ ಓಡಿದೆ. ರಾಯರು ಕಳಿಸಿದ್ದ ಮಿಸ್ತ್ರಿ ಚೌಕಟ್ಟಿನ ಎರಡು ಸ್ಕ್ರೂ ಆಗಲೇ ತೆಗೆದಿದ್ದ. ಅವನ ಕೈ ಹಿಡಿದೆ. ಶಾಂತಮ್ಮ ಅಲ್ಲೇ ಕೆಳಗೆ ರೊಟ್ಟಿ ಬಡಿಯುತ್ತಿದ್ದರು. ಅವರನ್ನು ಎಬ್ಬಿಸಿ ಒಳಗೆ ಕಳಿಸಿದೆ.

ನೆಲದಿಂದ ಮೇಲಿನವರೆಗೆ ಪ್ರತಿ ಬಾಲ್ಕನಿಯಡಿಯೂ ಆಸರೆಗೆ ಕಬ್ಬಿಣದ ಜಾಕಿ ಕೊಡಿಸಿದೆವು. ಸಂಜೆ ಟೈಲ್ಸ್ ಒಡೆದು ಇಟ್ಟಿಗೆ ಚೂರು ತೆಗೆದಾಗ, ಗೋಡೆಯಿದ್ದ ಜಾಗದುದ್ದಕ್ಕೂ ಸ್ಲ್ಯಾಬಿನಲ್ಲಿ ಬಿರುಕು. ನನ್ನ ಪೆನ್ಸಿಲ್ ಅದರೊಳಗೆ ಇಳಿಯಿತು. ನೋಡಲು ಬಂದಿದ್ದ ಶಾಂತಮ್ಮ ರಾಯರನ್ನು ಒಂದೇ ಮಾತು ಕೇಳಿದರು.

"ಕೆಳಗ ನಾ ಕುಂದರ್ತೀನಿ ಅಂತ ನಿಮಗ ಗೊತ್ತಿತ್ತಲ್ರೀ?"

ರಾಯರು ಚೂರಿನ ರಾಶಿ ನೋಡಿದರು. ನನ್ನನ್ನು ಕೇಳಿದರು: "ಈ ಡೆಬ್ರಿಸ್ ಟೆರೇಸಿಗೆ ಹಾಕಬಹುದಾ?"

ಅಷ್ಟು ವರ್ಷಗಳ ಕೆಲಸದಲ್ಲಿ ನಾನು ಯಾರ ಮನೆಯಲ್ಲೂ ಕೂಗಾಡಿರಲಿಲ್ಲ. ಅಂದು ಕೂಗಾಡಿದೆ. ಅದಕ್ಕೆ ಇಂದಿಗೂ ವಿಷಾದವಿಲ್ಲ.

ಕಡಿಮೆ ಖರ್ಚಿನಲ್ಲಿ ಮನೆ ಹೊಸದು ಮಾಡಿದೆವು ಎಂದು ಯಾರು ಕರೆದರೂ, ನಾನು ಮೊದಲು ಕೆಳಗಿನ ಮನೆಯ ಬಾಗಿಲು ತಟ್ಟುತ್ತೇನೆ.