ಬೀದಿ ಕಡೆಯ ತಂತಿ

ಹಬ್ಬದ ಫೋಟೋ ಹಾಕಿದರೆ ಓಡಿಬಂದು ಲೈಕ್ ಒತ್ತುತ್ತೀರಿ, ಮುಟ್ಟಿನ ಮಾತೆತ್ತಿದರೆ ಮುಖ ತಿರುಗಿಸುತ್ತೀರಿ. ಇವತ್ತು ತಿರುಗಿಸದೆ ಓದಿ.

ಆನೆಕೊಂಡದ ನಮ್ಮ ವಠಾರದಲ್ಲಿ ಮಂಡಕ್ಕಿ ಭಟ್ಟಿಗೆ ದುಡಿಯಲು ಹೋಗುವವಳ ಮಗಳೊಬ್ಬಳು ತುರಿಕೆ, ಉರಿ ಅಂತ ಶಾಲೆ ಬಿಟ್ಟು ಕೂತಿದ್ದಾಳೆ. ಮುಟ್ಟಿನ ಬಟ್ಟೆಯನ್ನು ಯಾರಿಗೂ ಕಾಣದಂತೆ ಟ್ರಂಕಿನ ಹಿಂದೆ ಒಣಹಾಕುತ್ತಿದ್ದಳು. ಅದು ಸರಿಯಾಗಿ ಒಣಗುತ್ತಲೇ ಇರಲಿಲ್ಲ. "ಬಿಸಿಲಲ್ಲೇ ಒಣಗಿಸ್ಬೇಕು" ಎಂದು ಅವಳನ್ನು ನೋಡಿದ ಆಸ್ಪತ್ರೆಯ ನರ್ಸಮ್ಮ ನಿನ್ನೆ ಹೇಳಿದರು. ನಮ್ಮಲ್ಲಿ ಬಿಸಿಲು ಬೀಳುವುದು ಬೀದಿ ಕಡೆಯ ತಂತಿಗೆ ಮಾತ್ರ. ಹುಡುಗಿ ನಾಚಿದಳು. ಒಗೆದ ಬಟ್ಟೆಯನ್ನು ಇವತ್ತು ಬೆಳಿಗ್ಗೆ ನಾನೇ ಹರವಿದೆ.

ಪಕ್ಕದ ಮನೆಯ ಬಸಣ್ಣ ಓಡಿ ಬಂದ. "ಅಜ್ಜೀ, ಗಂಡಸ್ರು ಓಡಾಡೋ ಜಾಗ ಐತೆ. ಮ್ಯಾಲೊಂದು ಸೀರೆನಾರ ಮುಚ್ಚು!"

"ಸೀರೆ ಮುಚ್ಚಿದ್ರೆ ಬಿಸ್ಲು ಹೆಂಗ್ ಬೀಳ್ತೈತೋ? ಇದೇ ತಂತಿ ಮ್ಯಾಲೆ ನಿನ್ ತೂತು ಬನಿಯನ್ನು, ಚಡ್ಡಿ ದಿನಾ ನೋಡ್ತೀನಲ್ಲ, ನನಗೇನಾರ ಆಗೈತಾ?"

ಬಸಣ್ಣ ತನ್ನ ಬಟ್ಟೆ ಬಾಚಿಕೊಂಡು ಒಳಗೆ ಹೋದ. ಖಾಲಿಯಾದ ಜಾಗದಲ್ಲಿ ಹುಡುಗಿ ತಾನೇ ಬಂದು ಉಳಿದ ಬಟ್ಟೆ ಹಾಕಿದಳು. ಬಸಣ್ಣನಿಂದಲೂ ಒಂದು ಉಪಕಾರವಾಯಿತು.

ನಿಮ್ಮ ಮನೆಯ ಹುಡುಗಿಯರ ಬಟ್ಟೆ ಎಲ್ಲಿ ಒಣಗುತ್ತದೆ? ಗಂಡಸರೂ ಕೇಳಿ ತಿಳಿದುಕೊಳ್ಳಿ. ಮುಂದಿನ ತಿಂಗಳು ಬರುವುದರೊಳಗೆ ಇಲ್ಲೇ ಕೆಳಗೆ ಉತ್ತರ ಬರೆಯಿರಿ.