ಬದಲಿ ಆಳಿನ ಹೆಸರು

ಜಾವಳಿ ಹತ್ತಿರದ ಎಸ್ಟೇಟೊಂದರಲ್ಲಿ ಬಾಲರಾಜ್ ಇಪ್ಪತ್ತಾರು ವರ್ಷದಿಂದ ರೈಟರ್. ಆಳುಗಳ ಹಾಜರಿ ಪುಸ್ತಕ ಸದಾ ಅವರ ಕಂಕುಳಲ್ಲಿ. ಬಾಯಿ ಜೋರು, ಮನಸ್ಸು ಬೆಣ್ಣೆ. ಆ ಬೆಣ್ಣೆ ಮನಸ್ಸೇ ಹೋದ ಮಾರ್ಚ್‌ನಲ್ಲಿ ಅವರನ್ನು ಪೇಚಿಗೆ ಸಿಕ್ಕಿಸಿತು.

ನಮ್ಮ ಕಡೆ ತೋಟಗಳಲ್ಲಿ ಒಂದು ರೂಢಿಯಿದೆ. ಕಾಯಂ ಆಳಿಗೆ ಜ್ವರ ಬಂದರೆ ನೆಂಟರು ಯಾರಾದರೂ ಬದಲಿಗೆ ಬರುತ್ತಾರೆ; ಹಾಜರಿ ಮಾತ್ರ ಕಾಯಂ ಆಳಿನ ಹೆಸರಿಗೇ. ಬೋನಸ್ ತಪ್ಪಬಾರದಲ್ಲ! ಬಾಲರಾಜ್ ಕಂಡೂ ಕಾಣದಂತೆ ಬರೆದುಕೊಳ್ಳುತ್ತಿದ್ದರು. ಆ ಮಾರ್ಚ್‌ನಲ್ಲಿ ಒಂದು ದಿನ ಕಾಯಂ ಆಳು ಭೂತಯ್ಯನ ಬದಲಿಗೆ ಅವನ ತಂಗಿ ದ್ಯಾವಮ್ಮನ ಗಂಡ ಶಂಕರ ಬಂದಿದ್ದ. ಮೆಣಸು ಕೊಯ್ಯುವಾಗ ಏಣಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡ. ಆಸ್ಪತ್ರೆಯ ಚೀಟಿಯಲ್ಲಿ ಶಂಕರ, ಹಾಜರಿಯಲ್ಲಿ ಭೂತಯ್ಯ. ಪುಸ್ತಕದ ಪ್ರಕಾರ ಶಂಕರ ಆ ದಿನ ತೋಟಕ್ಕೆ ಕಾಲಿಟ್ಟೇ ಇರಲಿಲ್ಲ. ಅವನಿಗೆ ಪರಿಹಾರ ಕೊಡುವವರು ಯಾರು?

"ಅಣ್ಣನೇ ಬಿದ್ದ ಅಂತ ಬರ್ಕಂಬಿಡಿ ರೈಟ್ರೆ. ದುಡ್ಡು ಬಂದ್ರೆ ಅಣ್ಣ ನಮ್ಗೆ ಕೊಡ್ತಾನೆ" ಎಂದು ದ್ಯಾವಮ್ಮ ಅತ್ತಳು.

"ನಿಮ್ಮಣ್ಣನ ಕಾಲು ಎಕ್ಸ್‌ರೇ ತೆಗೆದ್ರೆ ಏನ್ ಕಾಣ್ತದೆ ಮಾರಾಯ್ತಿ?" ಎಂದು ಗದರಿದರು ಬಾಲರಾಜ್. ಗದರಿದರೂ ಒಳಗೊಳಗೇ ಹೆದರಿದ್ದರು. ನಿಜ ಹೇಳಿದರೆ ಕೆಲಸಕ್ಕೆ ಕುತ್ತು. ಹೇಳದಿದ್ದರೆ ಶಂಕರನಿಗೆ ಬಿಡಿಗಾಸೂ ಇಲ್ಲ.

ಮರುದಿನ ಬೆಳಿಗ್ಗೆ ಮಾಲೀಕ ಗಂಗಾಧರಪ್ಪನವರ ಮುಂದೆ ಪುಸ್ತಕ ಬಿಚ್ಚಿಟ್ಟರು. "ತಪ್ಪು ನಂದು ಸಾರ್. ಬಿದ್ದೋನು ಶಂಕರ. ವರ್ಷಾನುಗಟ್ಲೆ ಹಿಂಗೇ ಬರ್ಕೊಂಡು ಬಂದಿದೀನಿ."

ಗಂಗಾಧರಪ್ಪನವರು ಸಿಕ್ಕಾಪಟ್ಟೆ ಬೈದರು. ಬೈದು ಸುಸ್ತಾಗಿ ನೀರು ಕುಡಿದು, "ಬಿದ್ದಿದ್ದು ನನ್ ತೋಟದಲ್ಲಿ ತಾನೆ? ನಡೆದದ್ದು ನಡೆದ ಹಾಗೇ ಪರಿಹಾರಕ್ಕೆ ಇವತ್ತೇ ಬರೀರಿ. ತಡ ಆದ್ರೆ ಅವನ ಮನೇಲಿ ಒಲೆ ಹತ್ತೋದು ಹೆಂಗೆ?" ಎಂದರು.

ಹದಿನೈದನೆಯ ದಿನಕ್ಕೆ ಸರಿಯಾಗಿ ಪರಿಹಾರದ ಮೊದಲ ಕಂತು ಸಿಕ್ಕಿತು. ಬಾಲರಾಜ್ ತಾವೇ ಅದನ್ನು ಆಳುಗಳು ಇರುವ ಲೈನ್ ಮನೆಗೆ ಒಯ್ದರು. ಕಾಲು ಚಾಚಿ ಮಲಗಿದ್ದ ಶಂಕರ ಕೈ ಮುಂದೆ ಮಾಡಲಿಲ್ಲ.

"ಕೆಲ್ಸ ಮಾಡ್ದೆ ದುಡ್ಡು ಹೆಂಗೆ ಇಸ್ಕಳ್ಳದು ರೈಟ್ರೆ?"

"ದಾನ ಅಲ್ಲ ಕಣೋ, ನಿಂಗೆ ಬರಬೇಕಾದ್ದು. ರುಜು ಹಾಕು."

ಓದಲು ಬಾರದ ದ್ಯಾವಮ್ಮ ಕಾಗದದ ಮೇಲೆ ಬೆರಳಿಟ್ಟು, "ಇವ್ರ ಹೆಸ್ರು ಎಲ್ಲಿದೆ, ತೋರ್ಸಿ" ಎಂದಳು. ಬಾಲರಾಜ್ ತೋರಿಸಿದರು. ಹತ್ತು ವರ್ಷ ಅವರಿವರ ಬದಲಿಗೆ ದುಡಿದಿದ್ದ ಶಂಕರನ ಹೆಸರು ಆ ತೋಟದ ಕಾಗದದಲ್ಲಿ ಬಂದದ್ದು ಅದೇ ಮೊದಲು. ಅವನು ಕತ್ತೆತ್ತಿ ನೋಡಿದ.

"ಇನ್ಮೇಲೆ ಹಾಜರೀಲೂ ನನ್ ಹೆಸ್ರೇ ಬರ್ಕಳಿ ರೈಟ್ರೆ."

"ಮೊದ್ಲು ಎದ್ದು ನಡಿ ಮಾರಾಯ, ಬಂದ ದಿನಾನೇ ಬರೀತೀನಿ" ಎಂದರು ಬಾಲರಾಜ್. ಅವರ ಕಣ್ಣು ತುಂಬಿತ್ತು.